ಮೈಲಿಗೆ ಯಾರದು?

ನಮ್ಮೂರ ಕೆರೆ ಹಸಿರಾಗಿದೆ. ಬೇಸಿಗೆ ಬಿತ್ತೆಂದರೆ ದಡದುದ್ದಕ್ಕೂ ಬಣ್ಣ ಬಳಿದಂಗೆ ಕೆನೆಗಟ್ಟುತ್ತದೆ. ಗಬ್ಬು ವಾಸನೆ. ಬೆಳಗಿನ ಜಾವ ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತವೆ. ಈ ಕೆರೆಯ ಹೂಳೆತ್ತಿದವರು ನಮ್ಮ ತಾತಂದಿರು; ನೀರು ಮುಟ್ಟುವ ಹಕ್ಕು ಮಾತ್ರ ಅವರಿಗಿರಲಿಲ್ಲ. ಮುಟ್ಟಿದರೆ ಕೆರೆ ಕೆಡುತ್ತದೆ ಅಂದಿದ್ದರು. ಈಗ ಕೆಟ್ಟಿದೆ. ಕೆಡಿಸಿದ ಕೈ ಯಾವುದು?

ಮಹಾರಾಷ್ಟ್ರದ ಮಹಾಡ್ ನಮಗೆ ನೆನಪಾಗುತ್ತದೆ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಅಲ್ಲಿನ ಚವದಾರ್ ಕೆರೆಗಿಳಿದು ನೀರು ಕುಡಿದರು. ಆಮೇಲೆ ಸವರ್ಣೀಯರು ಅದೇ ಕೆರೆಗೆ ಕೊಡಗಟ್ಟಲೆ ಸಗಣಿ, ಗಂಜಲ, ಹಾಲು, ಮೊಸರು ಸುರಿದು 'ಶುದ್ಧಿ' ಮಾಡಿದರು. ವಿಜ್ಞಾನ ಓದಿದ ಮೇಲೆ ನಮಗೆ ಇದು ನಗು ತರಿಸುತ್ತದೆ. ಸಗಣಿ ಗಂಜಲದಲ್ಲಿರುವ ಸಾರಜನಕ, ರಂಜಕಗಳೇ ಪಾಚಿಯ ಅನ್ನ. ಮಡಿವಂತರು ಕೆರೆಗೆ ಗೊಬ್ಬರ ಹಾಕಿದ್ದರು, ಅಷ್ಟೆ!

ಇಂದು ಆ ಅನ್ನ ಮೂಟೆಗಟ್ಟಲೆ ಬರುತ್ತದೆ. ಹೊಲದ ರಸಗೊಬ್ಬರ ಮಳೆಗೆ ಕೊಚ್ಚಿ ಬರುತ್ತದೆ, ಪಟ್ಟಣದ ಕೊಳಚೆ ಕಾಲುವೆಯಲ್ಲಿ ಬರುತ್ತದೆ. ನಿಂತ ನೀರಿಗೆ ಬಿಸಿಲು ಕಾದರೆ ನೀಲಿ-ಹಸಿರು ಪಾಚಿ ಉಕ್ಕುತ್ತದೆ. ಪಾಚಿ ಅನ್ನುವುದು ಬಾಯಿಮಾತು; ಅವು ಬ್ಯಾಕ್ಟೀರಿಯಾಗಳು. ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ತೀರುತ್ತದೆ, ಮೀನು ಸಾಯುತ್ತದೆ. ಕೆಲವು ಬಗೆಯವು ಮೈಕ್ರೋಸಿಸ್ಟಿನ್ ಎಂಬ ನಂಜು ಮಾಡುತ್ತವೆ, ಅದು ಯಕೃತ್ತಿಗೆ ಏಟು. ಎಲ್ಲ ಹಸಿರೂ ನಂಜಲ್ಲ, ಆದರೆ ಕಣ್ಣಿಂದ ನೋಡಿ ಹೇಳಲಾಗದು. ನಮ್ಮ ಕೆರೆಯದನ್ನು ಯಾರೂ ಅಳೆದಿಲ್ಲ.

ಪಾಪ ಯಾರದೆಂದು ಕೇಳಿದರೆ ಯಾರದೂ ಅಲ್ಲ. 'ನಾವೆಲ್ಲ ಸೇರಿ ಕೆಡಿಸಿದ್ದೇವೆ' ಅನ್ನುತ್ತಾರೆ ಓದಿಕೊಂಡವರು. ಸುಳ್ಳು ಹೇಳಬಾರದು, ಗೇಣಿ ಹೊಲಕ್ಕೆ ಯೂರಿಯಾ ಎರಚಿದ ಕೈ ನಮ್ಮದೂ ಹೌದು. ಆದರೆ ಹಿಡಿ ಯೂರಿಯಾದವನನ್ನೂ ನೂರು ಮೂಟೆಯವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಕ್ಕೆ ನಾವು ಒಪ್ಪುವುದಿಲ್ಲ. ನೀರು ಹಂಚುವಾಗ ಇಲ್ಲದ 'ನಾವೆಲ್ಲ' ಪಾಪ ಹಂಚುವಾಗ ಎಲ್ಲಿಂದ ಬಂತು?

ನಮ್ಮದೂ ಒಂದು ತಪ್ಪಿದೆ. ಕೇರಿಗೆ ಮೊದಲ ಡಿಗ್ರಿ ತಂದ ನಾವೇ ಅವ್ವಂದಿರಿಗೆ 'ಕೆರೆ ನೀರು ಕುದಿಸಿ ಕುಡೀರಿ' ಎಂದು ಕಲಿಸಿದ್ದು. ಕುದಿಸಿದರೆ ರೋಗಾಣು ಸಾಯುತ್ತದೆ, ಈ ನಂಜು ಸಾಯುವುದಿಲ್ಲ. ಪಾಚಿಯ ಕೋಶ ಒಡೆದು ನಂಜು ನೀರಿಗಿಳಿಯುತ್ತದೆ. ನೀರು ಆರಿದಷ್ಟೂ ಗಟ್ಟಿಯಾಗುತ್ತದೆ. 2014ರ ಆಗಸ್ಟಿನಲ್ಲಿ ಅಮೆರಿಕದ ಟೊಲೆಡೊ ನಗರಕ್ಕೆ ಈರಿ ಸರೋವರದಿಂದ ಇದೇ ನಂಜು ಬಂತು. ನಾಲ್ಕು ಲಕ್ಷಕ್ಕೂ ಮೀರಿದ ಜನರಿಗೆ 'ಕುಡಿಯಬೇಡಿ, ಕುದಿಸಲೂ ಬೇಡಿ' ಎಂದು ಅಪ್ಪಣೆಯಾಯಿತು. ಬೇರೆ ನೀರು ತಂದು ಹಂಚಿದರು. ಇದನ್ನು ಓದಿ ನಾವು ಕೇರಿಗೆ ಹೋಗಿ ಹೇಳಿದೆವು. ಒಲೆ ಮುಂದೆ ಕೂತಿದ್ದ ಅವ್ವ ಕೇಳಿದಳು: "ಹಂಗಾದ್ರೆ ಇಷ್ಟು ದಿನ ಸೌದೆ ಸುಟ್ಟಿದ್ದು ದಂಡವೇನ್ಲಾ ಮಗಾ? ಯಾವ ನೀರು ಕುಡಿಯಾನ, ಹೇಳು."

ಕೇರಿಯ ಬೋರು ಬತ್ತಿ ತಿಂಗಳಾಯಿತು. ಊರೊಳಗಿನ ಮನೆಗಳಿಗೆ ಕ್ಯಾನಿನಲ್ಲಿ ನೀರು ಬರುತ್ತದೆ. ಮೊನ್ನೆ ಊರಿಂದ ಹೇಳಿಕಳಿಸಿದ್ದಾರೆ: ಕೆರೆ ಹಸಿರು ಬಾಚಬೇಕು, ಕೇರಿಯಿಂದ ಹತ್ತಾಳು ಬರಲಿ. ಬರಿಗೈಲಿ ಮುಟ್ಟಿದರೆ ಮೈ ತುರಿಸಿ ದದ್ದು ಏಳಬಹುದಾದ ನೀರು ಅದು. ನಾವು ಕೈಗವಸು ಕೇಳಿದ್ದೇವೆ. ಇನ್ನೂ ಉತ್ತರ ಬಂದಿಲ್ಲ.