ಕಡಲೂರಿಗೆ ಅತಿಥಿಯಾಗಿ

ಬೇಸಿಗೆ ರಜೆ ಹತ್ತಿರವಾಯಿತೆಂದರೆ ಘಟ್ಟದ ಮೇಲಿನ ನೆಂಟರೂ ಸ್ನೇಹಿತರೂ ಕರಾವಳಿಯವರನ್ನು ಕೇಳುವ ಪ್ರಶ್ನೆ ಒಂದೇ: “ನಿಮ್ಮ ಕಡೆ ಮಕ್ಕಳಿಗೆ ಏನೇನಿದೆ?” ಒಂಟೆ ಸವಾರಿ, ಬನಾನಾ ಬೋಟು, ಪ್ಯಾರಾಸೇಲಿಂಗ್, ಇಂಥವು ಅವರ ಮನಸ್ಸಿನಲ್ಲಿರುತ್ತವೆ. ಮುರ್ಡೇಶ್ವರ, ಮಲ್ಪೆಗಳ ಕಡೆ ಹೋದರೆ ನೀರಾಟಗಳಿಗೆ ಬರವಿಲ್ಲ. ದುಡ್ಡು ಕೊಟ್ಟು ಆಡಿಬಂದ ಮಕ್ಕಳು ಖುಷಿಪಡುವುದೂ ನಿಜ. ಅದನ್ನು ಹಳಿಯುವ ಮನಸ್ಸು ನನಗಿಲ್ಲ. ಆದರೆ ಆ ಪ್ರಶ್ನೆಯ ಒಳಗೆ ಒಂದು ಎಣಿಕೆ ಕೂತಿದೆ. ಊರೊಂದು ನಮಗಾಗಿ ಏನನ್ನೋ ಅಣಿಮಾಡಿಟ್ಟುಕೊಂಡು ಕಾಯುತ್ತಿರುತ್ತದೆ ಎಂಬ ಎಣಿಕೆ ಅದು. ದೊಡ್ಡವರ ಇಂಥ ಎಣಿಕೆಗಳನ್ನು ಮಕ್ಕಳು ಯಾರೂ ಹೇಳಿಕೊಡದೆಯೇ ಕಲಿತುಬಿಡುತ್ತಾರೆ. ಹೋದಲ್ಲೆಲ್ಲ ತನಗೇನಿದೆ ಎಂದು ಹುಡುಕುತ್ತಲೇ ಬೆಳೆದ ಮಗು ದೊಡ್ಡದಾದ ಮೇಲೂ ಯಾವ ಊರಿನಲ್ಲೂ, ಯಾರ ಮನೆಯಲ್ಲೂ ಗಿರಾಕಿಯಾಗಿಯೇ ಉಳಿಯುತ್ತದೆಂಬುದು ನನ್ನ ಕಳವಳ.

ಮನೆಗೆ ಬಂದವರನ್ನು ದೇವರಂತೆ ಕಾಣಬೇಕೆಂದು ನಮ್ಮಲ್ಲಿ ಚಿಕ್ಕಂದಿನಿಂದ ಹೇಳಿಕೊಡುತ್ತಾರೆ. ಕಾಲಿಗೆ ನೀರು ಕೊಡು, ಬಾಯಾರಿಕೆಗೆ ಬೆಲ್ಲ ನೀರು ತಾ, ಊಟದ ಹೊತ್ತಿಗೆ ಬಂದವರನ್ನು ಹಾಗೇ ಕಳಿಸಬೇಡ. ಹೋದವರು ಹೇಗಿರಬೇಕು ಎಂಬುದನ್ನು ಅಷ್ಟು ಒತ್ತಿ ಯಾರೂ ಹೇಳುವುದಿಲ್ಲ. ಅದಕ್ಕೂ ಒಂದು ಧರ್ಮವಿದೆ. ಅದನ್ನು ಮಕ್ಕಳೊಂದಿಗೆ ಕೂಡಿ ಕಲಿಯಲು ಕಡಲ ತಡಿಯ ಹಳ್ಳಿಗಿಂತ ಒಳ್ಳೆಯ ಜಾಗ ನನಗೆ ತೋಚುವುದಿಲ್ಲ. ಅಲ್ಲಿ ನಾವು ಆಡಲು ಇಳಿಯುವ ಮರಳು ಬೇರೆಯವರು ದುಡಿಯುವ ಅಂಗಳ. ಬಲೆ ಹರವುವುದು, ಮೀನು ಒಣಗಿಸುವುದು, ದೋಣಿಗೆ ಎಣ್ಣೆ ಬಳಿಯುವುದು ಎಲ್ಲ ಅಲ್ಲೇ.

ಕುಮಟಾ ತಾಲ್ಲೂಕಿನ ಅಘನಾಶಿನಿಯನ್ನೇ ನೋಡೋಣ. ಶಿರಸಿಯ ಬಳಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಕೆಳಕ್ಕೆ ಧುಮುಕಿ, ದಾರಿಯಲ್ಲಿ ದೊಡ್ಡ ಅಣೆಕಟ್ಟೊಂದಕ್ಕೂ ಸಿಗದೆ ಬರುವ ನದಿ ಸಮುದ್ರ ಸೇರುವುದು ಇಲ್ಲಿ. ನದಿಗೂ ಊರಿಗೂ ಒಂದೇ ಹೆಸರು. ಎದುರು ದಡದಲ್ಲಿ ತದಡಿ. ಈ ಅಳಿವೆ 2024ರ ಆರಂಭದಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಪಟ್ಟಿಯಲ್ಲಿರುವ ವಿಸ್ತೀರ್ಣ 4,801 ಹೆಕ್ಟೇರ್. ಇಲ್ಲಿಗೆ ದೊಡ್ಡ ಉಷ್ಣ ವಿದ್ಯುತ್ ಸ್ಥಾವರ ತರುವ ಮಾತು ಒಂದು ಕಾಲಕ್ಕೆ ಜೋರಾಗಿತ್ತು. ಬೇಡವೆಂದು ಹಟ ಹಿಡಿದವರಲ್ಲಿ ಈ ನೀರಿನಲ್ಲೇ ಅನ್ನ ಕಂಡ ಹಳ್ಳಿಗರು ಮುಂದಿದ್ದರು. ನಾವು ಇಂದು ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಲು ಇಲ್ಲೊಂದು ಅಳಿವೆ ಉಳಿದಿದ್ದರೆ ಅದರಲ್ಲಿ ಅವರ ಪಾಲೂ ಇದೆ. ಅಲ್ಲಿ ಕಾಲಿಡುವ ಮೊದಲು ಮಕ್ಕಳಿಗೆ ಇದಿಷ್ಟು ಹೇಳಿದರೆ ಒಳ್ಳೆಯದು.

ಅಘನಾಶಿನಿಯಲ್ಲಿ ಹೊತ್ತನ್ನು ಗೊತ್ತುಮಾಡುವವನು ಚಂದ್ರ. ದಿನಕ್ಕೆ ಎರಡು ಭರತ, ಎರಡು ಇಳಿತ; ನಾಳೆಯ ಇಳಿತ ಇಂದಿಗಿಂತ ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಏರುವುದೂ ಹೆಚ್ಚು, ಇಳಿಯುವುದೂ ಹೆಚ್ಚು. ತಿಂಡಿ ಮುಗಿಸಿ ಹತ್ತು ಗಂಟೆಗೆ ಹೊರಡೋಣ ಎಂಬ ನಮ್ಮ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನೀರು ಇಳಿಯುವುದು ನಸುಕಿನಲ್ಲಾದರೆ ನಸುಕಿನಲ್ಲೇ ಏಳಬೇಕು. ಮಕ್ಕಳು ಗೊಣಗುತ್ತಾರೆ, ಗೊಣಗಲಿ. ಹೋದ ಮನೆಯ ಹೊತ್ತಿಗೆ ನಮ್ಮ ಹೊತ್ತನ್ನು ಹೊಂದಿಸಿಕೊಳ್ಳುವುದು ಅತಿಥಿಯ ಮೊದಲ ಕೆಲಸ.

ನೀರು ಇಳಿದಂತೆ ನದಿಯ ನಡುವೆ ಮರಳು, ಕೆಸರಿನ ದಿಬ್ಬಗಳು ಮೇಲೆದ್ದು ಕಾಣುತ್ತವೆ. ಸುತ್ತಲಿನ ಹಳ್ಳಿಗಳ ಹೆಂಗಸರೂ ಗಂಡಸರೂ ಅಲ್ಲಿಗೆ ಹೋಗಿ ಬಳಚು ಆರಿಸುತ್ತಾರೆ. ಸಾವಿರಾರು ಮನೆಗಳ ಒಲೆ ಉರಿಯುವುದು ಈ ಚಿಪ್ಪಿನಿಂದ. ನಾವೂ ಅಲ್ಲಿಗೆ ಹೋಗಬಹುದು. ಆದರೆ ಹೇಳದೆ ಕೇಳದೆ ಬಕೆಟ್ಟು ಹಿಡಿದು ಇಳಿಯುವುದು ಬೇಡ. “ಅಕ್ಕಾ, ಮಕ್ಕಳನ್ನು ಕರಕೊಂಡು ನಾವೂ ಬರಬಹುದೇ?” ಎಂದು ಕೇಳಬೇಕು, ಅದೂ ಮಕ್ಕಳ ಎದುರಿಗೇ. “ಬನ್ನಿ, ಅದ್ಕೇನು. ಆದ್ರೆ ಚಪ್ಪಲ್ ಬಿಚ್ಬೇಡಿ, ಚಿಪ್ಪು ಕೊಯ್ತದೆ. ನಾ ಹೊರಡಿ ಅಂದ ಕೂಡ್ಲೆ ಹೊರಡ್ಬೇಕು” ಎಂಬಂಥ ಉತ್ತರ ಬರುತ್ತದೆ. ಆ ಕೊನೆಯ ಮಾತಿಗೆ ಎದುರಾಡುವಂತಿಲ್ಲ. ನೀರು ತಿರುಗಿ ಏರತೊಡಗಿದರೆ ದಿಬ್ಬ ಮುಳುಗಲು ಬಹಳ ಹೊತ್ತು ಬೇಡ. ಕಚೇರಿಯಲ್ಲಿ ಹತ್ತು ಜನರಿಗೆ ಅಪ್ಪಣೆ ಕೊಡುವ ಅಪ್ಪ ಇಲ್ಲಿ ಒಬ್ಬ ಹೆಣ್ಣುಮಗಳ ಒಂದು ಕೂಗಿಗೆ ಮರುಮಾತಿಲ್ಲದೆ ದೋಣಿ ಹತ್ತುವುದನ್ನು ಮಗು ನೋಡುತ್ತದಲ್ಲ, ಆ ನೋಟಕ್ಕೆ ನಾನು ಯಾವ ಸವಾರಿಯನ್ನೂ ಸಾಟಿಯಿಡಲಾರೆ.

ಆರಿಸುವುದು ಸುಲಭವೆಂದು ದಡದಿಂದ ಅನ್ನಿಸುತ್ತದೆ. ಕೆಸರಿಗೆ ಕೈಯಿಟ್ಟಾಗಲೇ ಗೊತ್ತಾಗುವುದು, ಕಲ್ಲು ಯಾವುದು, ಖಾಲಿ ಚಿಪ್ಪು ಯಾವುದು, ಜೀವವಿರುವುದು ಯಾವುದು ಎಂದು ಬೆರಳಿಗೇ ತಿಳಿಯಬೇಕು. ಮಗು ಬೊಗಸೆ ತುಂಬಿಸುವಷ್ಟರಲ್ಲಿ ಪಕ್ಕದ ಅಜ್ಜಿಯ ಬುಟ್ಟಿ ತುಂಬಿರುತ್ತದೆ. ಶಾಲೆಯ ಅಂಕಪಟ್ಟಿಯಲ್ಲಿ ಜಾಗವಿಲ್ಲದ ಇಂಥ ಜಾಣತನದ ಎದುರು ಮಗು ಸೋತರೆ ಬೇಸರಪಡುವ ಕಾರಣವಿಲ್ಲ. ಅಜ್ಜಿಯ ಬಗ್ಗೆ ಆಗ ಹುಟ್ಟುವ ಗೌರವವನ್ನು ಯಾವ ನೀತಿಪಾಠವೂ ಹುಟ್ಟಿಸಲಾರದು.

ಇನ್ನೊಂದು ಕಟ್ಟುಪಾಡು ಇದೆ. ಮರಿ ಬಳಚು ಕೈಗೆ ಸಿಕ್ಕರೆ ವಾಪಸು ಬಿಡಬೇಕು. ಹಿಂದಿನಷ್ಟು ಬಳಚು ಈಗ ಸಿಗುತ್ತಿಲ್ಲವೆಂದು ಆರಿಸುವವರೇ ಹೇಳುತ್ತಾರೆ. ಅತಿಯಾಗಿ ತೆಗೆದದ್ದೂ ಅದಕ್ಕೊಂದು ಕಾರಣ. ಬಳಚು ನೀರನ್ನು ಚಿಪ್ಪಿನೊಳಗೆ ಎಳೆದುಕೊಂಡು, ಅದರಲ್ಲಿರುವ ಸಣ್ಣ ಸಣ್ಣ ಜೀವಿಗಳನ್ನು ಸೋಸಿ ತಿಂದು, ತಿಳಿನೀರನ್ನು ಹೊರಬಿಡುತ್ತದೆ. ನದಿ ಚೊಕ್ಕಟವಾಗಿರುವುದರಲ್ಲಿ ಅದರ ಪಾಲೂ ಇದೆ. ಇದನ್ನು ಕೇಳಿದ ಮೇಲೆ ಬೆರಳ ಉಗುರಿನಷ್ಟು ಮರಿಯನ್ನು ಮಗು ತಾನಾಗಿಯೇ ಕೆಸರಿಗೆ ಮರಳಿಸುತ್ತದೆ. ಸಿಕ್ಕಿದ್ದನ್ನೆಲ್ಲ ಬಾಚಿಕೊಳ್ಳದಿರುವುದು ದೊಡ್ಡವರಾದ ನಮಗೇ ಕಷ್ಟವಾಗಿರುವಾಗ, ಆ ಪುಟ್ಟ ಕೈ ತೆರೆದುಕೊಳ್ಳುವುದು ಸಣ್ಣ ಸಂಗತಿಯಲ್ಲ.

ಮನೆಗೆ ತಂದ ಬಳಚನ್ನು ಉಪ್ಪುನೀರಿನಲ್ಲಿ ನೆನೆಸಿಟ್ಟರೆ ಒಳಗಿನ ಮರಳನ್ನು ಅದೇ ಉಗುಳುತ್ತದೆ. ಆಮೇಲೆ ಮೆಟ್ಟುಗತ್ತಿಯಲ್ಲಿ ಬಾಯಿ ಬಿಡಿಸಿ, ತೆಂಗಿನತುರಿ ಹಾಕಿ ಪಲ್ಯ ಮಾಡುತ್ತಾರೆ. ಮೀನು ಮುಟ್ಟದ ಮನೆಯವರು ತಮ್ಮ ಬೊಗಸೆಯನ್ನು ಅಜ್ಜಿಯ ಬುಟ್ಟಿಗೇ ಸುರಿದು ಬರಲಿ. ಮಕ್ಕಳಿಗೆ ಅದರಲ್ಲಿ ಸಂತೋಷ ಕಡಿಮೆಯೇನಿಲ್ಲ.

ನದಿಯ ಇಕ್ಕೆಲದಲ್ಲಿ ಗಜನಿ ಭೂಮಿಯಿದೆ, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿದೆ. ಉಪ್ಪುನೀರು ನುಗ್ಗುವ ಗಜನಿಯಲ್ಲಿ ಬೆಳೆಯುವ ಭತ್ತಕ್ಕೆ ಕಗ್ಗ ಎಂದು ಹೆಸರು. ಉಪ್ಪಿಗೂ ಹೆದರದ, ಕೆಲವು ದಿನ ನೀರಲ್ಲಿ ಮುಳುಗಿದರೂ ಸಾಯದ ತಳಿ ಅದು. ಗೊಬ್ಬರ ಹಾಕುವ ಪದ್ಧತಿ ಇಲ್ಲ. ಕೊಯ್ಲಾದ ಮೇಲೆ ಅದೇ ಗದ್ದೆಗೆ ನೀರು ಬಿಟ್ಟು ಸಿಗಡಿ, ಮೀನು ಹಿಡಿಯುತ್ತಾರೆ. ಗದ್ದೆಯ ಕಟ್ಟೆಯ ಮೇಲೆ ಸಾಲಾಗಿ ನಡೆದು ಹೋಗಿ ಬೆಳ್ಳಕ್ಕಿಗಳನ್ನು ನೋಡಿಬರಲು ಒಂದು ಸಂಜೆ ಸಾಕು.

ಉಪ್ಪಿನ ಆಗರಕ್ಕೆ ಮಾತ್ರ ಬಿಡುವು ಮಾಡಿಕೊಂಡು ಹೋಗಬೇಕು. ತಾರಿ ದೋಣಿಯಲ್ಲಿ ನದಿ ದಾಟಿ ತದಡಿಗೆ ಬಂದು ಗೋಕರ್ಣದ ಕಡೆ ಹೊರಟರೆ ಸಾಣಿಕಟ್ಟಾ ಸಿಗುತ್ತದೆ. ಕಟ್ಟೆ ಕಟ್ಟಿದ ಚೌಕಗಳಿಗೆ ಉಪ್ಪುನೀರು ಹಾಯಿಸಿ, ಬಿಸಿಲಿಗೆ ಬಿಟ್ಟು, ನೀರು ಆರಿದಾಗ ತಳದಲ್ಲಿ ಹರಳುಗಟ್ಟಿದ್ದನ್ನು ಕೈಯಿಂದಲೇ ಎಳೆದು ರಾಶಿ ಹಾಕುತ್ತಾರೆ. ಮಳೆ ಬಿದ್ದರೆ ಮುಗಿಯಿತು, ಆದ್ದರಿಂದ ಕೆಲಸವೆಲ್ಲ ಸುಡುವ ಬೇಸಿಗೆಯಲ್ಲೇ. ನಾವು ರಜೆಯೆಂದು ಬರುವ ತಿಂಗಳು ಅವರಿಗೆ ವರ್ಷದ ಅತಿ ಕಷ್ಟದ ತಿಂಗಳು. ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ನಿಂತರೆ ಕಣ್ಣು ಕೋರೈಸುತ್ತದೆ, ತುಟಿ ಒಣಗುತ್ತದೆ. ಆಗ ಮಗು ಸುತ್ತ ನೋಡುತ್ತದೆ, ಇದೇ ಬಿಸಿಲಲ್ಲಿ ಬರಿಗಾಲಲ್ಲಿ ನಿಂತವರನ್ನು ನೋಡುತ್ತದೆ. ಇಲ್ಲಿಂದ ಉತ್ತರಕ್ಕಿರುವ ಅಂಕೋಲೆಯಲ್ಲಿ 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಜನ ಉಪ್ಪಿನ ಕಾನೂನು ಮುರಿದರೆಂದು ಪಾಠಪುಸ್ತಕ ಓದಿದ ಹುಡುಗರಿಗೆ ಗೊತ್ತಿರಬಹುದು. ಒಂದು ಹಿಡಿ ಉಪ್ಪಿಗಾಗಿ ಜನ ಜೈಲಿಗೆ ಹೋಗಲು ಏಕೆ ಸಿದ್ಧರಾದರು ಎಂಬುದು ಆಗರದ ಕಟ್ಟೆಯ ಮೇಲೆ ನಿಂತವರಿಗೆ ಬೇಗ ಅರ್ಥವಾಗುತ್ತದೆ. ವಾಪಸು ಬರುವಾಗ ಹೆದ್ದಾರಿಯ ಪಕ್ಕದಲ್ಲಿ ಜಡೆಯಂತೆ ಹೆಣೆದು ತೂಗುಹಾಕಿದ ಕುಮಟಾದ ಸಿಹಿ ಈರುಳ್ಳಿ ಕಾಣುತ್ತದೆ. ಬೇಕಿದ್ದರೆ ಕೊಳ್ಳಿ, ಹತ್ತು ರೂಪಾಯಿಗಾಗಿ ಮಕ್ಕಳ ಮುಂದೆ ಚೌಕಾಸಿ ಮಾಡಬೇಡಿ. ಉಪ್ಪಿನ ರಾಶಿ ನೋಡಿಬಂದ ಮಗುವಿಗೆ ಆ ಚೌಕಾಸಿ ಅರ್ಥವಾಗದು.

ಫೋಟೊದ ಮಾತೂ ಹೇಳಬೇಕು. ಕೊರಳು ತುಂಬ ಮಣಿಸರ ಹಾಕಿದ ಹಾಲಕ್ಕಿ ಸಮುದಾಯದ ಅಜ್ಜಿ ತರಕಾರಿ ಮಾರಲು ಕೂತಿದ್ದರೆ ಮೊಬೈಲು ತಾನಾಗಿ ಮೇಲೆ ಏಳುತ್ತದೆ. ನಮ್ಮ ಅಜ್ಜಿ ಅಂಗಳದಲ್ಲಿ ಸೊಪ್ಪು ಸೋಸುತ್ತಿರುವಾಗ ಗೊತ್ತಿಲ್ಲದವನೊಬ್ಬ ಬೇಲಿಯಾಚೆಯಿಂದ ಪಟ ತೆಗೆದರೆ ಹೇಗಿರುತ್ತದೆ ಎಂದು ಮಗುವನ್ನು ಕೇಳಿ. ಕೇಳಿ ತೆಗೆಯಬೇಕು, ಬೇಡವೆಂದರೆ ಬಿಡಬೇಕು. ಎರಡು ಕಟ್ಟು ಹರಿವೆ ಕೊಂಡು ಐದು ನಿಮಿಷ ಮಾತಾಡಿ ಬಂದರೆ ಆ ಮುಖ ಮಗುವಿನ ನೆನಪಿನಲ್ಲಿ ಉಳಿಯುತ್ತದೆ.

ಸಮುದ್ರಸ್ನಾನದ ವಿಷಯಕ್ಕೆ ಬರುವಾಗ ನನ್ನ ದನಿ ತುಸು ಗಟ್ಟಿಯಾದರೆ ಓದುಗರು ಕ್ಷಮಿಸಬೇಕು. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದಲ್ಲಿ ನೀರುಪಾಲಾದರು. ಅದಕ್ಕೆ ಮೊದಲೂ ನಮ್ಮ ದಂಡೆಗಳು ಇಂಥ ಸಾವುಗಳನ್ನು ಕಂಡಿವೆ. ಅಲೆಯಾಗಿ ದಡಕ್ಕೆ ನುಗ್ಗಿದ ನೀರು ಮರಳಿ ಹೋಗಲೇಬೇಕು. ಕೆಲವು ಕಡೆ ಅದು ಇಕ್ಕಟ್ಟಾದ ಓಣಿ ಮಾಡಿಕೊಂಡು ರಭಸದಿಂದ ಹಿಂದಕ್ಕೆ ಹರಿಯುತ್ತದೆ. ಆ ಓಣಿಯಲ್ಲಿ ಅಲೆ ಒಡೆಯುವುದು ಕಡಿಮೆ, ಆದ್ದರಿಂದ ಗೊತ್ತಿಲ್ಲದವರ ಕಣ್ಣಿಗೆ ಅದೇ ಶಾಂತವಾಗಿ ಕಾಣುತ್ತದೆ. ಸೆಳೆತಕ್ಕೆ ಸಿಕ್ಕವರು ನೆಟ್ಟಗೆ ದಡದ ಕಡೆಗೆ ಈಜಲು ಹೋಗಿ ದಣಿದು ಮುಳುಗುತ್ತಾರೆ. ದಡದ ಉದ್ದಕ್ಕೆ, ಪಕ್ಕಕ್ಕೆ ಈಜಿದರೆ ಆ ಹಿಡಿತದಿಂದ ಹೊರಬರಬಹುದು. ಇದನ್ನು ಮಕ್ಕಳಿಗೆ ಮೊದಲೇ ಹೇಳಿಕೊಡಿ, ಆದರೆ ಇದನ್ನೇ ನೆಚ್ಚಿಕೊಂಡು ಇಳಿಸಬೇಡಿ. ಬಲೆ ಹೊಲಿಯುತ್ತ ಕೂತ ಮೀನುಗಾರರು “ತಮಾ, ಅಲ್ಲಿ ಇಳೀಬೇಡ, ನೀರು ಸೆಳೀತದೆ” ಎಂದು ಕೂಗಿದರೆ ಅದನ್ನು ಹಳ್ಳಿಯವರ ಅಂಜಿಕೆಯೆಂದು ತಳ್ಳಿಹಾಕುವುದು ದೊಡ್ಡ ಅವಿವೇಕ. ಹುಟ್ಟಿದಾಗಿನಿಂದ ಆ ನೀರನ್ನು ನೋಡುತ್ತ ಬಂದವರ ಮಾತದು. ಜೂನ್ 1ರಿಂದ ಜುಲೈ 31ರ ವರೆಗೆ ಯಂತ್ರದ ದೋಣಿಗಳೂ ದಡದಲ್ಲೇ ಇರುತ್ತವೆ. ಮೀನು ಮರಿಮಾಡುವ ಕಾಲವೆಂದು ಆ 61 ದಿನ ಯಂತ್ರದ ದೋಣಿಗಳ ಮೀನುಗಾರಿಕೆಗೆ ನಿಷೇಧ. ಮಳೆಗಾಲದ ಕಡಲಿನ ಆರ್ಭಟವೂ ಆಗಲೇ. ಸಮುದ್ರವನ್ನೇ ನಂಬಿ ಬದುಕುವವರು ಅದಕ್ಕೆ ಎರಡು ತಿಂಗಳು ಬಿಡುವು ಕೊಟ್ಟು ಕೈಕಟ್ಟಿ ಕೂರಬಲ್ಲರು. ನಾವು ಒಂದು ಸಂಜೆ ಮೊಣಕಾಲುದ್ದ ನೀರಿನಲ್ಲಿ ನಿಂತು ತೃಪ್ತರಾಗಲಾರೆವೆ?

ಚಳಿಗಾಲಕ್ಕೆ ಬಂದವರ ಅದೃಷ್ಟ ಚೆನ್ನಾಗಿದ್ದರೆ ಕಡಲಾಮೆಯ ಮರಿಗಳನ್ನು ನೋಡಬಹುದು. ಆಲಿವ್ ರಿಡ್ಲಿ ಆಮೆಗಳು ಉತ್ತರ ಕನ್ನಡದ ಮರಳಿಗೆ ರಾತ್ರಿ ಬಂದು ಗುಂಡಿ ತೋಡಿ ನೂರರಷ್ಟು ಮೊಟ್ಟೆಯಿಟ್ಟು ಹೋಗುತ್ತವೆ. ಸುಮಾರು ಐವತ್ತು ದಿನಕ್ಕೆ ಮರಿ ಹೊರಬರುತ್ತದೆ. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಮೀನುಗಾರರೂ ಅರಣ್ಯ ಇಲಾಖೆಯವರೂ ಈ ಗೂಡುಗಳನ್ನು ಕಾಯುತ್ತಾರೆ. ಹುಟ್ಟಿದ ಮರಿ ಬೆಳಕು ಹೆಚ್ಚಿರುವ ಕಡೆಗೆ ಹೊರಡುತ್ತದೆ, ಅದರ ಪಾಲಿಗೆ ಅದು ಸಮುದ್ರ. ದಡದಲ್ಲಿ ರೆಸಾರ್ಟಿನ ದೀಪವೋ ನಮ್ಮ ಮೊಬೈಲಿನ ಟಾರ್ಚೋ ಹೊಳೆದರೆ ದಾರಿ ತಪ್ಪಿ ಊರಿನ ಕಡೆ ತೆವಳುತ್ತದೆ. ನೋಡುವ ಆಸೆಯೇ ನೋಡುತ್ತಿರುವುದನ್ನು ಕೊಲ್ಲಬಹುದು. ಟಾರ್ಚು ಆರಿಸಿ ದೂರ ನಿಂತರೆ ಮಕ್ಕಳಿಗೆ ಅರ್ಧಂಬರ್ಧವೇ ಕಂಡೀತು, ಫೋಟೊ ಸಿಗಲಿಕ್ಕಿಲ್ಲ. ಅಷ್ಟೇ ಕಾಣಲಿ ಎಂದು ಹೇಳುವ ಧೈರ್ಯ ತಂದೆತಾಯಿಗೆ ಬೇಕು.

ಅತಿಥಿಯ ಧರ್ಮದಲ್ಲಿ ಕೊನೆಯ ಕೆಲಸವೊಂದು ಇದೆ, ಅದನ್ನು ನಾವು ಹೆಚ್ಚಾಗಿ ಮರೆಯುತ್ತೇವೆ. ಕಡಲೂರಿನಲ್ಲಿ ಎರಡು ದಿನ ಕಳೆದರೆ ನಿಮ್ಮ ಮಗನಿಗೆ ಅವನದೇ ವಯಸ್ಸಿನ ಗೆಳೆಯನೊಬ್ಬ ಸಿಕ್ಕೇ ಸಿಗುತ್ತಾನೆ. ಏಡಿಯನ್ನು ಹಿಂದಿನಿಂದ ಹೇಗೆ ಹಿಡಿಯಬೇಕು, ದೋಣಿಯಲ್ಲಿ ಎಲ್ಲಿ ಕೂರಬೇಕು ಎಂದು ತೋರಿಸಿಕೊಟ್ಟವನು ಅವನೇ. ಹೊರಡುವಾಗ ಅವನ ಕೈಗೆ ನೋಟು ತುರುಕುವ ಬದಲು ಅವನ ಅಪ್ಪ ಅಮ್ಮನ ಹತ್ತಿರ ಮಾತಾಡಿ, ದಸರಾ ರಜೆಗೆ ಮನೆಮಂದಿಯೆಲ್ಲ ಬನ್ನಿ ಎಂದು ಕರೆಯಿರಿ. ಬಾಯಿಮಾತಿಗೆ ಕರೆಯುವುದು ಬೇಡ, ವಿಳಾಸ ಬರೆದುಕೊಡಿ. ನಿಮ್ಮ ಮನೆ ಬೆಂಗಳೂರಿನಲ್ಲಾದರೆ ಕುಮಟಾದಿಂದ ಅಲ್ಲಿಗೆ ರಾತ್ರಿ ರೈಲು ಇದೆ. ಅವರು ಬಂದ ಬೆಳಿಗ್ಗೆ ನಿಲ್ದಾಣಕ್ಕೆ ನಿಮ್ಮ ಮಗನನ್ನೂ ಕರೆದುಕೊಂಡು ಹೋಗಿ. ಮೆಟ್ರೊ ಹತ್ತುವಾಗ ಎಲ್ಲಿ ನಿಲ್ಲಬೇಕೆಂದು ಆ ಹುಡುಗನಿಗೆ ಅವನೇ ತೋರಿಸಲಿ.