ಮಾಡಿಸುವವನ ಕಾಯಕ

ಕಾಯಕವೆಂದೊಡನೆ ಸದ್ಭಕ್ತರ ಕಣ್ಣೆದುರಿಗೆ ಬಂದು ನಿಲ್ಲುವವರು ಹಗ್ಗ ಹೊಸೆಯುವ ನುಲಿಯ ಚಂದಯ್ಯ, ದೋಣಿ ನಡೆಸುವ ಅಂಬಿಗರ ಚೌಡಯ್ಯ, ಅಕ್ಕಿಯನ್ನಾಯುವ ಮಾರಯ್ಯ ಮೊದಲಾದ ಶರಣರು. ಇವರೆಲ್ಲರೂ ತಮ್ಮ ಕೈಯಿಂದಲೇ ದುಡಿದವರು. ಆದರೆ ನೂರಾರು ಕೈಗಳಿಂದ ಕೆಲಸ ಮಾಡಿಸುವವನ ಸ್ಥಾನವೇನು? ಕಾಲುವೆಯ ಕೆಲಸಕ್ಕೆ ನಿಂತ ಇಂಜಿನಿಯರನೂ, ಸಹಕಾರಿ ಸಂಘದ ವ್ಯವಸ್ಥಾಪಕನೂ, ಜಾತ್ರೆಯ ದಾಸೋಹಕ್ಕೆ ಮುಂದಾಳಾದ ಗೃಹಸ್ಥನೂ ಬುಟ್ಟಿ ಹೊರುವುದಿಲ್ಲ, ಒಲೆ ಊದುವುದಿಲ್ಲ. ಇವರದು ಕಾಯಕವೋ, ಪರರ ಬೆವರಿನ ಮೇಲೆ ನಿಂತ ಬರಿಯ ಒಡೆತನವೋ?

ಈ ಪ್ರಶ್ನೆ ಹೊಸದಲ್ಲ. ಸೊನ್ನಲಿಗೆಯ ಸಿದ್ಧರಾಮನು ಸಾವಿರಾರು ಜನರನ್ನು ಕೂಡಿಸಿ ಕೆರೆ ಕಟ್ಟಿಸುತ್ತಿದ್ದನು, ಗುಡಿಗಳನ್ನು ಎತ್ತಿಸುತ್ತಿದ್ದನು. ಅಲ್ಲಿಗೆ ಬಂದ ಅಲ್ಲಮಪ್ರಭುಗಳು ಅವನನ್ನು ಕಲ್ಲುಮಣ್ಣಿನ ಒಡ್ಡನೆಂದೇ ಕರೆದು ವಿಚಾರಿಸಿದರು. ಕೆಲಸಗಾರರು ಕೆರಳಿ ಕಲ್ಲೆಸೆದರು, ಸಿದ್ಧರಾಮನೂ ಸಿಟ್ಟಿಗೆದ್ದನು ಎಂದು ಶೂನ್ಯಸಂಪಾದನೆಯ ಕಥೆ ಸಾರುತ್ತದೆ. ಲೋಕಹಿತದ ಕೆರೆಯನ್ನು ಪ್ರಭುಗಳು ಹಳಿದರೆಂದು ತಿಳಿಯಲಾಗದು. ‘ನಾನು ಕಟ್ಟಿಸಿದೆ’ ಎಂಬ ಭಾವವು ಕೆರೆಯ ಏರಿಗಿಂತ ಎತ್ತರಕ್ಕೆ ಬೆಳೆದುದನ್ನು ಅವರು ತೋರಿಸಿಕೊಟ್ಟರು. ಸಿದ್ಧರಾಮನು ಕಲ್ಯಾಣಕ್ಕೆ ಬಂದು ಚೆನ್ನಬಸವಣ್ಣನವರಿಂದ ದೀಕ್ಷೆ ಹೊಂದಿ, ಮುಂದೆ ಶೂನ್ಯಪೀಠವನ್ನೇರಿದನು. ಅವನ ಕೆರೆ ಇಂದಿಗೂ ಸೊಲ್ಲಾಪುರದಲ್ಲಿ ನೀರು ತುಂಬಿಕೊಂಡು ನಿಂತಿದೆ. ಕಾರ್ಯವೂ ಉಳಿಯಿತು, ಕರ್ತನೂ ಉದ್ಧಾರವಾದನು. ಆದಕಾರಣ ಮಾಡಿಸುವವನಿಗೂ ಕಾಯಕವುಂಟು. ಅದರ ನಿಯಮಗಳು ಮಾತ್ರ ಬೇರೆ.

ಮೊದಲನೆಯ ನಿಯಮ ಅಳತೆ. ಗೋಕಾಕ ತಾಲೂಕಿನ ಧೂಪದಾಳದಲ್ಲಿ ಘಟಪ್ರಭೆಗೆ ಅಡ್ಡಗಟ್ಟೆಯಾಗಿ, 1897ರ ಹೊತ್ತಿಗೆ ಎಡದಂಡೆಯ ಕಾಲುವೆಗೆ ನೀರು ಹರಿಯಿತು. ಕಾಲುವೆಯ ನೀರು ಅಧಿಕಾರಿಯ ಅಪ್ಪಣೆಗೆ ಹರಿಯುವುದಿಲ್ಲ. ಇಳಿಜಾರು ತಪ್ಪಿದರೆ ನಿಲ್ಲುತ್ತದೆ, ಏರಿ ಸಡಿಲಾದರೆ ಒಡೆಯುತ್ತದೆ. ಆದುದರಿಂದ ಗುದ್ದಲಿ ಬೀಳುವ ಮುನ್ನವೇ ನೆಲದ ಮಟ್ಟ, ಕೂಲಿಯ ಲೆಕ್ಕ, ಮಳೆಗಾಲಕ್ಕೆ ಉಳಿದ ದಿನಗಳು, ಕೈಯಲ್ಲಿರುವ ಹಣ, ಇವನ್ನೆಲ್ಲ ತೂಗಿ ನೋಡಬೇಕು. ಅಳೆಯದೆ ಆರಂಭಿಸುವುದನ್ನು ಭಕ್ತಿಯ ಉತ್ಸಾಹವೆಂದು ಹೊಗಳುವವರುಂಟು. ನಡುವೆ ನಿಂತ ಕೆಲಸದಿಂದ ಕೂಲಿ ತಪ್ಪಿಸಿಕೊಂಡವನಿಗೆ ಆ ಉತ್ಸಾಹವು ಅನ್ನವಾಗುವುದಿಲ್ಲ.

ಎರಡನೆಯದು ಕೊನೆಯವನ ಚಿಂತೆ. ಮೂಡಲಗಿಯ ಸೀಮೆಯ ಒಕ್ಕಲಿಗನಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕಾಲುವೆಯ ತಲೆಯಲ್ಲಿರುವ ಹೊಲ ತಾನಾಗಿಯೇ ತೊಯ್ಯುತ್ತದೆ. ವ್ಯವಸ್ಥೆಯ ಸತ್ವಪರೀಕ್ಷೆ ನಡೆಯುವುದು ಬಾಲದ ಹೊಲದಲ್ಲಿ. ಯಾವ ಕಾರ್ಯದಲ್ಲಿಯೂ ಹೀಗೆಯೇ. ದಾಸೋಹದ ಮುಂದಾಳು ಮೊದಲ ಪಂಕ್ತಿಯ ಹೋಳಿಗೆಯನ್ನು ನೋಡಿ ಸಂತೋಷಪಡಬಾರದು. ಕಡೆಯ ಪಂಕ್ತಿಗೆ ಸಾರು ಮುಟ್ಟಿತೇ, ಪಾತ್ರೆ ತಿಕ್ಕಿದವರು ಉಂಡರೇ ಎಂದು ಕೇಳಿದ ಮೇಲೆಯೇ ಅವನು ಕೈ ತೊಳೆಯಬೇಕು.

ಮೂರನೆಯದು ಲೆಕ್ಕ. ಹುಕ್ಕೇರಿಯಲ್ಲಿ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ಸ್ಥಾಪಿತವಾಯಿತು. ನಾಡಿನ ಉಳಿದೆಡೆಗಳಲ್ಲಿ ಸರಕಾರದ ಸಂಸ್ಥೆಗಳು ವಿದ್ಯುತ್ತನ್ನು ಹಂಚಿದರೆ ಇಲ್ಲಿ ಸಂಘವು ಆ ಹೊಣೆಯನ್ನು ಹೊತ್ತಿತು. ಸಹಕಾರದ ತತ್ವದಂತೆ ದೀಪ ಹಚ್ಚುವ ಸದಸ್ಯನೇ ಸಂಘದ ಒಡೆಯ. ಅಧಿಕಾರದಲ್ಲಿ ಕುಳಿತವನು ವರ್ಷಕ್ಕೊಮ್ಮೆ ಸಭೆಯ ಮುಂದೆ ಆಯವ್ಯಯವನ್ನು ಒಪ್ಪಿಸಬೇಕು. ತಾನು ಯಾರಿಗೆ ಆಜ್ಞೆ ಮಾಡುವನೋ ಅವರಿಗೇ ತಾನು ಉತ್ತರ ಕೊಡುವುದು ಕಠಿಣವಾದ ವ್ರತ. ಕೆಲಸ ಕೆಟ್ಟಾಗ ‘ಅವರು ಕೆಡಿಸಿದರು’ ಎಂದೂ ಕೈಗೂಡಿದಾಗ ‘ನಾನು ಮಾಡಿದೆ’ ಎಂದೂ ಹೇಳುವವನ ಲೆಕ್ಕದ ಪುಸ್ತಕ ಎಷ್ಟು ಶುಚಿಯಾಗಿದ್ದರೂ ಅವನ ಮನಸ್ಸಿನ ಲೆಕ್ಕ ಸುಳ್ಳು.

ಲೆಕ್ಕದಲ್ಲಿ ಹಣವೊಂದೇ ಬರುವುದಿಲ್ಲ. ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ 1977ರಲ್ಲಿ ಪೂರ್ಣಗೊಂಡ ರಾಜಾ ಲಖಮಗೌಡ ಜಲಾಶಯವು 51 ಟಿ.ಎಂ.ಸಿ. ನೀರನ್ನು ಹಿಡಿಯಬಲ್ಲುದು. ಅದರಿಂದ ಎಷ್ಟೋ ಹೊಲಗಳು ಹಸಿರಾದವು. ಆದರೆ ಬೇಸಗೆಯಲ್ಲಿ ನೀರು ಇಳಿದಾಗ ಹುನ್ನೂರಿನ ಹಳೆಯ ವಿಠ್ಠಲ ಗುಡಿ ಮೇಲೆದ್ದು ಕಾಣುತ್ತದೆ. ಮುಳುಗಡೆಯಾದ ಊರಿನವನು ತನ್ನ ಮನೆಯ ಹೊಸ್ತಿಲನ್ನು ನೀರಿಗೆ ಕೊಟ್ಟನು. ಫಲವು ಕೆಳಗಿನ ಊರಿನವನಿಗೆ ದೊರೆಯಿತು. ಬಹುಜನರ ಹಿತಕ್ಕಾಗಿ ಇದು ಅನಿವಾರ್ಯವೆಂದು ಹೇಳಬಹುದು. ಆದರೆ ಅನಿವಾರ್ಯವೆಂಬ ಮಾತು ಋಣವನ್ನು ತೀರಿಸದು. ದಯೆಯನ್ನು ಧರ್ಮದ ಮೂಲವೆಂದು ನಂಬಿದವನು ಕಾರ್ಯ ಮುಗಿದ ಮೇಲೂ ಆ ಋಣವನ್ನು ನೆನೆಯುವನು, ಕೈಲಾದಷ್ಟು ತೀರಿಸುವನು.

ಇಷ್ಟೆಲ್ಲ ಹೊಣೆಯನ್ನು ಒಬ್ಬನೇ ಹೊರಬಲ್ಲನೇ? ಹೊರಲಾರನು. ಅವನಿಗೂ ಆಸರೆ ಬೇಕು. ಆಸರೆಯೆಂದರೆ ಹೊಗಳುವವರ ಗುಂಪಲ್ಲ. ಮಾರಯ್ಯನು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅದನ್ನು ಆಯ್ದಲ್ಲಿಯೇ ಸುರಿದು ಬಾರೆಂದು ಲಕ್ಕಮ್ಮ ತಾಯಿ ತಿರುಗಿ ಕಳಿಸಿದಳು. ಬಸವಣ್ಣನವರು ಮಂತ್ರಿಗಳಾಗಿದ್ದೂ ಅನುಭವಮಂಟಪದ ಹಿರಿಯ ಪೀಠವನ್ನು ಅಲ್ಲಮರಿಗೆ ಬಿಟ್ಟುಕೊಟ್ಟು ಕೆಳಗೆ ಕುಳಿತರು. ‘ಸಾಕು’ ಎನ್ನುವ ಒಬ್ಬರನ್ನು ಮನೆಯಲ್ಲಿಯೂ ‘ತಪ್ಪು’ ಎನ್ನುವ ಒಬ್ಬರನ್ನು ಸಭೆಯಲ್ಲಿಯೂ ಉಳಿಸಿಕೊಂಡ ಮುಂದಾಳು ಭಾಗ್ಯವಂತನು. ಅಂತಹವರ ಬಾಯಿ ಮುಚ್ಚಿಸಿದ ದಿನವೇ ಅವನ ಕಾರ್ಯದ ಏರಿಯಲ್ಲಿ ಬಿರುಕು ಬಿಟ್ಟಿತೆಂದು ತಿಳಿಯಬೇಕು.

ಕಡೆಯ ನಿಯಮ ಬಿಟ್ಟುಕೊಡುವುದು. ಕೆಲಸವನ್ನು ಕಲಿಸದೆ, ಕೀಲಿಕೈಯನ್ನು ಸೊಂಟಕ್ಕೇ ಕಟ್ಟಿಕೊಂಡವನು ಸಂಸ್ಥೆಯನ್ನು ತನ್ನ ದೇಹದಷ್ಟೇ ಅಲ್ಪಾಯುವಾಗಿ ಮಾಡುವನು. ಕಿರಿಯರಿಗೆ ಹೊಣೆ ಕೊಟ್ಟು, ಅವರ ಸಣ್ಣ ತಪ್ಪುಗಳನ್ನು ಸಹಿಸಿ, ಸಕಾಲದಲ್ಲಿ ಪಕ್ಕಕ್ಕೆ ಸರಿಯುವವನ ಕಾರ್ಯವು ಅವನ ಬಳಿಕವೂ ನಡೆಯುತ್ತದೆ.

ಮನೆ ಕಟ್ಟಿಸುವ ಗೃಹಸ್ಥ, ಮಗಳ ಮದುವೆ ನಡೆಸುವ ತಾಯಿ, ಸಂಘದ ಅಧ್ಯಕ್ಷ, ಇವರೆಲ್ಲರೂ ಒಂದಲ್ಲ ಒಂದು ದಿನ ಮಾಡಿಸುವವರೇ. ಅಂದು ತಮ್ಮನ್ನು ತಾವು ಕೇಳಿಕೊಳ್ಳಬೇಕಾದುದು ಇಷ್ಟೇ: ಕೊನೆಯ ಹೊಲಕ್ಕೆ ನೀರು ಮುಟ್ಟಿತೇ? ಅಲ್ಲಮರು ಬಂದು ಹೆಸರು ಹಿಡಿದು ಕೂಗಿದರೆ ಸಿಟ್ಟು ಬಾರದೆ ಓ ಎನ್ನಬಲ್ಲೆನೇ? ಎರಡಕ್ಕೂ ಹೌದೆನ್ನಬಲ್ಲವನ ಹೊಣೆಯು ಕಾಯಕವಾಗುವುದು, ಅವನ ಕಾಯಕವು ಲಿಂಗಾರ್ಪಿತವಾಗುವುದು.