ಬಿದ್ದ ಗೋಡೆಯೂ ಬರೆದ ಪಟ್ಟಿಯೂ



2019ನೇ ಇಸವಿಯ ಆಗಸ್ಟ ತಿಂಗಳಿನ ಮೊದಲಲ್ಲಿ ಘಟಪ್ರಭೆಯು ದಂಡೆ ಮೀರಿ ಬಂದದ್ದನ್ನು ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಗಳ ಸಭೆಯವರು ಮರೆತಿರಲಾರರು. ಘಟ್ಟದ ಮೇಲೆ ಸುರಿದ ಮಳೆಯು ಹಿರಣ್ಯಕೇಶಿಯನ್ನೂ ಮಾರ್ಕಂಡೇಯವನ್ನೂ ತುಂಬಿಸಿತು. ಹಿಡಕಲ್ಲಿನ ಜಲಾಶಯವು 51 ಟಿ.ಎಮ್.ಸಿ. ನೀರನ್ನು ಹಿಡಿಯುವಂಥದಾದರೂ ಬಂದದ್ದನ್ನೆಲ್ಲಾ ತಡೆಯಲಾರದೆ ಹೋಯಿತು. ಲೋಳಸೂರಿನ ಸೇತುವೆಯು ಮುಳುಗಿತು. ನಮ್ಮ ಜನರ ಮನೆಗಳಾದರೋ ಬಹುಮಟ್ಟಿಗೆ ಹಸಿ ಇಟ್ಟಿಗೆಯವು. ಅವು ನೀರಿರುವ ತನಕ ನಿಂತುಕೊಂಡು, ನೀರು ಇಳಿದು ಬಿಸಿಲು ಬಿದ್ದ ಮೇಲೆ ಒಂದೊಂದಾಗಿ ಕುಸಿದವು. ಹೀಗೆ ಪ್ರವಾಹದ ದುಃಖವು ಪ್ರವಾಹವು ಹೋದ ಮೇಲೆಯೇ ನಮಗೆ ಪ್ರಾರಂಭವಾಯಿತೆಂದು ಹೇಳಬಹುದು.

ಆ ಕಾಲದಲ್ಲಿ ಸರಕಾರವು ತುರ್ತಿನ ಸಹಾಯವಾಗಿ ಮನೆಗೆ 10,000 ರೂಪಾಯಿಗಳನ್ನು ಕೊಟ್ಟಿತು. ಪೂರಾ ಬಿದ್ದ ಮನೆಗೆ ವಿಪತ್ತು ನಿಧಿಯ ನಿಯಮದಂತೆ ಸಲ್ಲುವ 95,100 ರೂಪಾಯಿಗಳಿಗೆ ತನ್ನ ಬೊಕ್ಕಸದಿಂದ ಕೂಡಿಸಿ ಒಟ್ಟಿಗೆ 5 ಲಕ್ಷ ಕೊಡುವೆವೆಂದು ಮಾತು ಕೊಟ್ಟಿತು. ಮನೆಗಳನ್ನು ಎ, ಬಿ, ಸಿ ಎಂದು ಮೂರು ವರ್ಗ ಮಾಡಿದರು. ಪೂರಾ ಬಿದ್ದದ್ದು ಎ. ಅಲ್ಪ ಹಾನಿಯಾದದ್ದು ಸಿ, ಅದಕ್ಕೆ 50,000. ಒಂದು ಅಕ್ಷರದ ಅಂತರದಲ್ಲಿ ಬಡವನೊಬ್ಬನ ಹತ್ತು ವರುಷದ ಸಂಪಾದನೆಯು ಅಡಗಿತ್ತೆಂಬದನ್ನು ಓದುವವರು ನೆನಪಿಡಬೇಕು.

ನದಿಯ ದಂಡೆಯ ಒಂದು ಹಳ್ಳಿಯಲ್ಲಿ ನಮ್ಮ ಸಭೆಗೆ ಸೇರಿದ ಸಹೋದರನೊಬ್ಬನ ಹಿಂದಿನ ಗೋಡೆಯು ಸೀಳಿತು, ಮನೆ ಬೀಳಲಿಲ್ಲ. ಅವನದು ಸಿ ಎಂದು ಬರೆಯಲ್ಪಟ್ಟಿತು. ಆಗ ಮಧ್ಯಸ್ಥನೊಬ್ಬನು ಬಂದು, ಇಷ್ಟು ಕೊಟ್ಟರೆ ಎ ಮಾಡಿಸುವೆನು, ಛಾಯಾಚಿತ್ರಕ್ಕೆ ಮಾತ್ರ ಆ ಗೋಡೆಯನ್ನು ನೀನೇ ಕೆಡವಿಡು ಎಂದನು. ಸಹೋದರನು ರಾತ್ರಿ ನಮ್ಮ ಬಳಿಗೆ ಬಂದು, “ಉಪದೇಶಿಗಳೇ, ಇದು ಪಾಪ ಆಗತೈತೇನ್ರಿ? ಸರಕಾರದ ರೊಕ್ಕ ಯಾರಪ್ಪನ ಗಂಟು? ಯಾರಿಗೆ ಲುಕ್ಸಾನ ಆತು?” ಎಂದು ಕೇಳಿದನು.

ಈ ಪ್ರಶ್ನೆಯನ್ನು ಹಗುರವಾಗಿ ನೋಡಬಾರದು. ಕಳ್ಳತನವು ಪಾಪವೆಂದು ಆ ಸಹೋದರನು ಬಲ್ಲನು; ನೆರೆಯವನ ಹೊಲದಿಂದ ಒಂದು ಜೋಳದ ತೆನೆಯನ್ನೂ ಮುರಿಯುವವನಲ್ಲ. ಆದರೆ ಸರಕಾರದ ಹಣಕ್ಕೆ ಮುಖವಿಲ್ಲ, ಕಣ್ಣೀರಿಲ್ಲ. ಆದಕಾರಣ ಅದರಲ್ಲಿ ಕದ್ದರೆ ಯಾರಿಂದಲೂ ಕದ್ದಂತೆ ತೋರುವದಿಲ್ಲ. ನಾವು ಆ ರಾತ್ರಿ ಶಾಸ್ತ್ರದ ಆಜ್ಞೆಯನ್ನು ಹೇಳಿ ಕಳುಹಿಸಿದೆವು. ಅದು ನಿಜವಾದ ಉತ್ತರವಾಗಿದ್ದರೂ ಅವನು ಕೇಳಿದ ಪ್ರಶ್ನೆಗೆ ಉತ್ತರವಾಗಿರಲಿಲ್ಲ.

ಉತ್ತರವು ಕೆಲವು ತಿಂಗಳುಗಳ ಮೇಲೆ ಬಂತು. ಆ ಹಳ್ಳಿಯಲ್ಲಿ ಸಿ ಇದ್ದ ಅನೇಕ ಮನೆಗಳು ಎ ಆಗಿವೆ ಎಂಬ ದೂರು ಮೇಲಕ್ಕೆ ಹೋಗಿ, ಇಡೀ ಪಟ್ಟಿಯನ್ನು ಮರುಪರಿಶೀಲನೆಗೆಂದು ತಡೆದರು. ಅದೇ ಪಟ್ಟಿಯಲ್ಲಿ ಒಬ್ಬ ವಿಧವೆಯ ಹೆಸರಿತ್ತು. ಆಕೆಯ ಮನೆಯು ಜಂತಿ ಸಹಿತ ನೆಲಸಮವಾಗಿತ್ತು. ಮೊದಲನೆಯ ಕಂತಿನಿಂದ ಬುನಾದಿಯನ್ನು ಹಾಕಿಸಿದ್ದಳು. ಎರಡನೆಯದು ಬಾರದೆ ಆಕೆಯು ಆ ವರುಷದ ಮಳೆಗಾಲವನ್ನು ತಗಡಿನ ಶೆಡ್ಡಿನಲ್ಲಿ ಕಳೆದಳು. ಯಾರಿಗೆ ಲುಕ್ಸಾನ ಎಂಬದಕ್ಕೆ ಮುಖವು ಆಗ ನಮಗೆ ಕಾಣಿಸಿತು. ಸುಳ್ಳು ಬರೆಯಿಸಿದವರು ಆಕೆಯಿಂದ ಏನನ್ನೂ ಕಸುಕೊಳ್ಳಲಿಲ್ಲ, ಆಕೆಯನ್ನು ನೆನಸಲೂ ಇಲ್ಲ. ಆದರೂ ಸುಳ್ಳಿನೊಂದಿಗೆ ಒಂದೇ ಕಾಗದದಲ್ಲಿ ಇದ್ದುದರಿಂದ ಆಕೆಯ ಸತ್ಯವೂ ಸಂಶಯಕ್ಕೆ ಗುರಿಯಾಯಿತು.

ಇನ್ನು ಪಟ್ಟಿಯ ಮೇಲ್ತುದಿಯಲ್ಲಿರುವವರ ವಿಷಯ. ಗೋಕಾಕದಿಂದ 1999ರಿಂದಲೂ ಶ್ರೀ ರಮೇಶ ಜಾರಕಿಹೊಳಿಯವರು, ಮೂಡಲಗಿಯು ಸೇರಿರುವ ಅರಭಾವಿ ಕ್ಷೇತ್ರದಿಂದ 2004ರಿಂದಲೂ ಶ್ರೀ ಬಾಲಚಂದ್ರ ಜಾರಕಿಹೊಳಿಯವರು ಆರಿಸಲ್ಪಡುತ್ತಾ 2023ರಲ್ಲಿಯೂ ಗೆದ್ದರು. ಹುಕ್ಕೇರಿಯಲ್ಲಿ ಬಹುಕಾಲ ಶಾಸಕರಾಗಿದ್ದ ಉಮೇಶ ಕತ್ತಿಯವರು 2022ರ ಸೆಪ್ಟೆಂಬರ 6ರಂದು ತೀರಿಕೊಂಡ ಮೇಲೆ, 2023ರಲ್ಲಿ ಅವರ ಮಗ ನಿಖಿಲ ಕತ್ತಿಯವರು ಆರಿಸಲ್ಪಟ್ಟರು. ಮೂಡಲಗಿ ತಾಲೂಕಿನ ಕಲ್ಲೋಳಿಯ ಶ್ರೀ ಈರಣ್ಣ ಕಡಾಡಿಯವರು 2020ರಲ್ಲಿ ರಾಜ್ಯಸಭೆಗೆ ಆಯ್ಕೆಯಾದರು. ಇವರಲ್ಲಿ ಯಾರು ಒಳ್ಳೆಯವರು, ಯಾರು ಅಲ್ಲ ಎಂದು ತೂಗುವದು ಈ ಪತ್ರಿಕೆಯ ಕೆಲಸವಲ್ಲ. ನಮ್ಮ ಜನರು ಇವರ ಮನೆಯ ಮುಂದೆ ಹ್ಯಾಗೆ ನಿಲ್ಲುತ್ತಾರೆ ಎಂಬದೇ ನಮ್ಮ ಚಿಂತೆ.

ನಾವು ಕೈಮುಗಿದು ನಿಲ್ಲುತ್ತೇವೆ. ಮನೆಯ ಮಂಜೂರಾತಿಯ ಕಾಗದವು ಬಂದರೆ, ಸಾಹೇಬರು ಮನೆ ಕೊಟ್ಟರು ಎನ್ನುತ್ತೇವೆ. ಪ್ರಧಾನಮಂತ್ರಿ ಆವಾಸ ಯೋಜನೆಯ 1,20,000 ರೂಪಾಯಿಗಳಾಗಲಿ, 2000ನೇ ಇಸವಿಯಲ್ಲಿ ಸ್ಥಾಪಿತವಾದ ರಾಜೀವ ಗಾಂಧಿ ಗ್ರಾಮೀಣ ವಸತಿ ನಿಗಮದಿಂದ ಬರುವ ಹಣವಾಗಲಿ ಯಾವ ಸಾಹೇಬರ ಕಿಸೆಯಿಂದಲೂ ಬಂದದ್ದಲ್ಲ. ನಾವು ಕೊಳ್ಳುವ ಬೆಂಕಿಪೆಟ್ಟಿಗೆಯ ಮೇಲಿನ ತೆರಿಗೆಯೂ ಅದರಲ್ಲಿ ಉಂಟು. ತಂದುಕೊಟ್ಟವನಿಗೆ ಉಪಕಾರ ಸ್ಮರಿಸುವದು ಯೋಗ್ಯವೇ. ಆದರೆ ಮನೆವಾರ್ತೆಯವನಿಗೆ ಹೇಳುವ ಉಪಕಾರವು ಬೇರೆ, ಯಜಮಾನನಿಗೆ ಹೇಳುವದು ಬೇರೆ. ಮನೆವಾರ್ತೆಯವನನ್ನು ಯಜಮಾನನೆಂದು ಕರೆಯುವವನು ಅವನಿಂದ ಲೆಕ್ಕ ಕೇಳುವ ಬಾಯಿಯನ್ನು ತಾನೇ ಕಟ್ಟಿಕೊಂಡಂತಾಯಿತು. ಅಂಥವನ ಮತವೂ ಋಣ ತೀರಿಸುವ ಕಾಸಾಗುತ್ತದೆ.

ಈ ಕೈಮುಗಿಯುವಿಕೆಯನ್ನು ನಾವು ಎಲ್ಲಿ ಕಲಿತೆವು? ಸತ್ಯವನ್ನು ಹೇಳಬೇಕಾದರೆ, ಅರ್ಧವನ್ನು ಗೌಡರ ವಾಡೆಯ ಮುಂದೆಯೂ ಇನ್ನರ್ಧವನ್ನು ಮಿಶನ್ ಬಂಗಲೆಯ ಮೆಟ್ಟಲುಗಳ ಮೇಲೆಯೂ ಕಲಿತೆವು. 1820ರಲ್ಲಿ ಲಂಡನ್ ಮಿಶನಿನ ಯೋಸೇಫ ಟೇಲರರು ಬೆಳಗಾವಿಗೆ ಬಂದರು. 1837ರಲ್ಲಿ ಬಾಸೆಲ್ ಮಿಶನಿನವರು ಧಾರವಾಡದಲ್ಲಿ ನೆಲೆ ಮಾಡಿದರು. ದೀಕ್ಷಾಸ್ನಾನ ಹೊಂದಿ ಮನೆಯಿಂದ ಹೊರಡಿಸಲ್ಪಟ್ಟವರಿಗೆ ಮಿಶನಿನವರು ನೆಲೆಯನ್ನೂ ಕೆಲಸವನ್ನೂ ಕೊಟ್ಟರು. ಅದು ಪ್ರೀತಿಯ ಕಾರ್ಯವೇ ಸರಿ. ಆದರೆ ದೊರೆಗಳು ಕೊಡುವರು, ನಾವು ತಕ್ಕೊಳ್ಳುವೆವು ಎಂಬ ಅಭ್ಯಾಸವು ಮೂರು ತಲೆಮಾರು ನಮ್ಮಲ್ಲಿ ಬೇರೂರಿತು. ದೊರೆಗಳು ಹೋದರು, ಅಭ್ಯಾಸವು ಬೇರೆ ಬಾಗಿಲನ್ನು ಹುಡುಕಿಕೊಂಡಿತು. ಹುಕ್ಕೇರಿ ಸೀಮೆಯವರಾದರೂ ಬೇರೆ ರೀತಿಯನ್ನು ಬಲ್ಲರು. ಅಲ್ಲಿ 1969ರಿಂದ ಗ್ರಾಮೀಣ ವಿದ್ಯುತ್ ಸಹಕಾರ ಸಂಘವಿದ್ದು, ದೀಪಕ್ಕೆ ಹಣ ಕಟ್ಟುವ ರೈತನೇ ಸಂಘದ ಸದಸ್ಯನಾಗಿರುತ್ತಾನೆ. ತನ್ನ ಪಾಲು ಇರುವಲ್ಲಿ ಮನುಷ್ಯನು ನೆಟ್ಟಗೆ ನಿಂತು ಲೆಕ್ಕ ಕೇಳುತ್ತಾನೆ.

ಕೆಲವು ಸಭೆಗಳವರು ಸಂಸದರ ನಿಧಿಯಿಂದ ದೇವಾಲಯದ ಮಗ್ಗುಲಲ್ಲಿ ಸಮುದಾಯ ಭವನವನ್ನು ಕೇಳಬೇಕೆಂದಿದ್ದಾರೆ. ಆ ನಿಧಿಯು ವರುಷಕ್ಕೆ 5 ಕೋಟಿ; ಅದರ ನಿಯಮದಂತೆ ಆರಾಧನಾ ಸ್ಥಳಕ್ಕಾಗಲಿ ಧಾರ್ಮಿಕ ಸಂಸ್ಥೆಯ ಜಾಗಕ್ಕಾಗಲಿ ಅದನ್ನು ಕೊಡಕೂಡದು. ಜಾಗವನ್ನು ಹಿರಿಯರೊಬ್ಬರ ಹೆಸರಿಗೆ ಮಾಡಿ ಕೇಳೋಣ ಎಂಬ ಆಲೋಚನೆಯು ಬಂದಿದೆಯಂತೆ. ಇದರ ಮೇಲೆ ಹೆಚ್ಚು ಬರೆಯಲು ಮನಸ್ಸಿಲ್ಲ. ಸುಳ್ಳು ಉತಾರದ ಮೇಲೆ ಪ್ರಾರ್ಥನೆಯ ಮನೆಯು ಬೇಡ.

ಇದಕ್ಕಿಂತ ಕಠಿಣವಾದ ಸಂಗತಿಯೊಂದುಂಟು. ಅದನ್ನು ನಾವು ಸಭೆಯಲ್ಲಿ ಬಾಯಿಬಿಟ್ಟು ಮಾತಾಡುವದಿಲ್ಲ, ಆದರೆ ಎಲ್ಲರೂ ಬಲ್ಲರು. ಅಂಬೇಡಕರ ನಿವಾಸ ಯೋಜನೆಯ ಮನೆಗಳು ಪರಿಶಿಷ್ಟ ಜಾತಿ ಪಂಗಡಗಳವರಿಗೆ ಸಲ್ಲುತ್ತವೆ. 1950ರ ರಾಷ್ಟ್ರಪತಿಯ ಆದೇಶದ ಮೂರನೆಯ ಕಂಡಿಕೆಯ ಪ್ರಕಾರ ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನೆಂದು ಎಣಿಸಲ್ಪಡುವದಿಲ್ಲ. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿಕೊಂಡರು. ಕ್ರೈಸ್ತರು ಹೊರಗೆ ಉಳಿದರು. ಆದಕಾರಣ ನಮ್ಮವರಲ್ಲಿ ಅನೇಕರು ಆದಿತ್ಯವಾರ ಒಂದು ಹೆಸರಿನಿಂದ ಕರ್ತನ ಭೋಜನಕ್ಕೆ ಕೂಡುತ್ತಾರೆ, ಸೋಮವಾರ ಪಂಚಾಯತಿಯಲ್ಲಿ ಇನ್ನೊಂದು ಹೆಸರನ್ನು ಬರೆಯಿಸುತ್ತಾರೆ.

ಪೇತ್ರನು ಕರ್ತನನ್ನು ಅರಿಯೆನೆಂದದ್ದು ಬೆಂಕಿಯ ಬಳಿಯಲ್ಲಿ ಎಂಬದನ್ನು ಸುವಾರ್ತೆಯನ್ನು ಓದುವವರು ಬಲ್ಲರು. ರಾತ್ರಿಯ ಚಳಿಯಿತ್ತು, ಪರರ ಅಂಗಳದಲ್ಲಿ ಬೆಂಕಿಯಿತ್ತು. ಹೀಗಿರಲಾಗಿ ಮನೆಗೋಸ್ಕರ ಹೆಸರನ್ನು ಮರೆಸುವವನ ಮೇಲೆ ಕಲ್ಲೆಸೆಯಲು ನಮ್ಮ ಕೈ ಏಳುವದಿಲ್ಲ. ಇದನ್ನು ಬರೆಯುವ ನಾವು ಮಿಶನಿನ ಹಂಚಿನ ಮನೆಯಲ್ಲಿ ಒಣಗಿದ ಚಾಪೆಯ ಮೇಲೆ ಮಲಗುವವರು. ಆ ಸಹೋದರರಾದರೋ, ದೀಕ್ಷಾಸ್ನಾನವಾದರೂ ನಮ್ಮ ಕೇರಿ ಬದಲಾಯಿತೋ, ಊರಿನವರು ನಮ್ಮನ್ನು ಕರೆಯುವ ಹೆಸರು ಬದಲಾಯಿತೋ ಎಂದು ಕೇಳುತ್ತಾರೆ. ಬದಲಾಗಲಿಲ್ಲ, ಅವರ ಮಾತು ಸತ್ಯ.

ಆದರೂ ಒಂದನ್ನು ಅವರು ಯೋಚಿಸಬೇಕು. ಅನ್ಯಾಯವಾದ ನಿಯಮವನ್ನು ಗುಟ್ಟಾಗಿ ದಾಟುವವನು ಆ ನಿಯಮವನ್ನು ಮುರಿಯುವದಿಲ್ಲ, ಕಾಯುತ್ತಾನೆ. ಯಾಕಂದರೆ ಕಾಗದದಲ್ಲಿ ಆ ಕೇರಿಯಲ್ಲಿ ಕ್ರೈಸ್ತರೇ ಇಲ್ಲ. ಇಲ್ಲದವರಿಗೆ ಅನ್ಯಾಯವಾಗಿದೆ ಎಂದು ಯಾವ ಶಾಸನಕರ್ತನಿಗೆ ತೋರಿಸುವದು? 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರವು ಈ ವಿಷಯದ ವಿಚಾರಣೆಗೆಂದೇ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ನರ ಆಯೋಗವನ್ನು ನೇಮಿಸಿತು. 2024ರ ನವೆಂಬರ 26ರಂದು ಸರ್ವೋಚ್ಚ ನ್ಯಾಯಾಲಯವು, ನಂಬಿಕೆಯಿಲ್ಲದೆ ಮೀಸಲಾತಿಗೋಸ್ಕರ ಮಾತ್ರ ಧರ್ಮದ ಹೆಸರನ್ನು ಹೇಳಿಕೊಳ್ಳುವದು ಸಂವಿಧಾನಕ್ಕೆ ಮಾಡುವ ವಂಚನೆಯೆಂದು ತೀರ್ಪು ಕೊಟ್ಟಿತು. ಆದೇಶದ ಪಟ್ಟಿಯನ್ನು ತಿದ್ದುವ ಅಧಿಕಾರವು ಸಂಸತ್ತಿಗೆ ಮಾತ್ರ ಉಂಟು. ಹಾಗಾದರೆ ದಿಲ್ಲಿಗೆ ಹೋಗುವವರ ಮುಂದೆ ನಾವು ನಿಂತಾಗ ಕೇಳತಕ್ಕದ್ದು ಭವನವೋ, ಇದೋ? ಕಾನೂನು ಮಾಡುವದೂ ಖಜಾನೆಯ ಲೆಕ್ಕ ಕೇಳುವದೂ ಶಾಸನಕರ್ತನ ನಿಜವಾದ ಉದ್ಯೋಗ. ನಾವು ಭವನವನ್ನೂ ಬೋರವೆಲ್ಲನ್ನೂ ಕೇಳುತ್ತೇವೆ. ಅವರು ಅವನ್ನೇ ಕೊಟ್ಟು ಕೃತಾರ್ಥರಾಗುತ್ತಾರೆ. ತಪ್ಪು ಅವರೊಬ್ಬರದೇ ಅಲ್ಲ.

ನಮ್ಮ ಲೆಕ್ಕವೂ ಉಂಟಷ್ಟೆ. ಪೌಲನು ಯೆರೂಸಲೇಮಿನ ಬಡವರಿಗೋಸ್ಕರ ಹಣ ಕೂಡಿಸಿದಾಗ, ಅಪೊಸ್ತಲನಾಗಿದ್ದರೂ ಅದನ್ನು ಒಬ್ಬನೇ ಒಯ್ಯದೆ, ಸಭೆಗಳವರು ಆರಿಸಿಕೊಟ್ಟವರನ್ನು ಜೊತೆಗೆ ಇಟ್ಟುಕೊಂಡನು. ತನ್ನ ಪ್ರಾಮಾಣಿಕತನವು ದೇವರಿಗೆ ತಿಳಿದರೆ ಸಾಕೆಂದು ಅವನು ಹೇಳಲಿಲ್ಲ. ಆದರೆ 2019ರಲ್ಲಿ ದೂರದ ಸಭೆಗಳಿಂದ ನಮ್ಮ ಕಡೆಗೆ ಬಂದ ಅಕ್ಕಿ, ಕಂಬಳಿ, ರೊಕ್ಕಗಳ ಪಟ್ಟಿಯನ್ನು ನಾವು ಸಭೆಯ ಮುಂದೆ ಓದಿದ್ದು ಎರಡು ವರುಷಗಳ ಮೇಲೆ. ಒಂದು ರೂಪಾಯಿಯೂ ತಪ್ಪಿರಲಿಲ್ಲ. ಆದರೂ ಓದುತ್ತಿರುವಾಗ ಹಿಂದಿನ ಸಾಲಿನಲ್ಲಿ ಕೆಲವರು ಒಬ್ಬರನ್ನೊಬ್ಬರು ನೋಡಿಕೊಂಡದ್ದನ್ನು ಕಂಡೆವು. ಆ ಎರಡು ವರುಷ ಅವರು ಏನೆಂದುಕೊಂಡಿದ್ದರೆಂಬದು ಆಗ ತಿಳಿಯಿತು. ಅವರನ್ನು ಗದರಿಸಲು ನಮಗೆ ಮುಖವಿರಲಿಲ್ಲ. ಆ ಮೇಲೆ ನಮ್ಮ ಸಭೆಯಲ್ಲಿ ಪ್ರತಿ ತಿಂಗಳಿನ ಮೊದಲನೆಯ ಆದಿತ್ಯವಾರ ಕಾಣಿಕೆಯ ಲೆಕ್ಕವನ್ನು ಓದುವ ಪದ್ಧತಿಯಾಯಿತು. ಹಾಗೆ ಕೇಳಿ ರೂಢಿಯಾದವರಲ್ಲಿ ಇಬ್ಬರು ಹೆಂಗಸರು ಹೋದ ಗ್ರಾಮಸಭೆಯಲ್ಲಿ ಎದ್ದು ನಿಂತು, ಮನೆಗಳ ಪಟ್ಟಿಯನ್ನು ಎಲ್ಲರಿಗೂ ಕೇಳಿಸುವಂತೆ ಓದಿರಿ ಎಂದರಂತೆ. ಓದಿದರಂತೆ.

ಆ ಸಹೋದರನು ಗೋಡೆಯನ್ನು ಕೆಡವಲಿಲ್ಲ. 50,000 ರೂಪಾಯಿಗಳನ್ನು ತಕ್ಕೊಂಡು ಸೀಳಿಗೆ ಸಿಮೆಂಟು ತುಂಬಿಸಿದನು. ಅದು ಪುನಃ ಬಿರುಕು ಬಿಟ್ಟಿದೆ. ಕೆಡವಿದ ನೆರೆಯವನ ಮನೆಗೆ ಈಗ ಕಾಂಕ್ರೀಟಿನ ಛಾವಣಿಯುಂಟು. ನಾವು ಹೋದಾಗಲೆಲ್ಲಾ ಸಹೋದರನ ಹೆಂಡತಿಯು ಚಹಾ ಕೊಡುತ್ತಾ ಆ ಛಾವಣಿಯ ಕಡೆಗೆ ನೋಡುತ್ತಾಳೆ. ಬಾಯಿಂದ ಏನೂ ಕೇಳುವದಿಲ್ಲ. ಈ ಮಳೆಗಾಲದಲ್ಲಿಯೂ ಆ ಗೋಡೆಗೆ ತಾಡಪತ್ರಿಯನ್ನು ಕಟ್ಟಲು ಸಭೆಯ ನಾಲ್ಕು ಮಂದಿ ಹೋಗಿದ್ದೆವು. ಹಗ್ಗ ಸಾಲದೆ ಬಂದಾಗ ಆ ನೆರೆಯವನೇ ತನ್ನ ಮನೆಯಿಂದ ತಂದುಕೊಟ್ಟನು.